ಗಾರ್ಮೆಂಟ್ಸ್ ಕಾರ್ಮಿಕರಿಗೆ ವಿದೇಶದ ದೂರು ಕೌಂಟರ್‌ಗಳು: ಯಾವುದು ಕೆಲಸಕ್ಕೆ ಬರುತ್ತೆ, ಯಾವುದು ಬರೀ ಬೋರ್ಡು

ಪೀಣ್ಯದಲ್ಲೋ ಮದ್ದೂರಿನಲ್ಲೋ ಹೊಲಿದ ಶರ್ಟು ಅಮೆರಿಕಕ್ಕೋ ಯುರೋಪಿಗೋ ಹೋಗುತ್ತದೆ. ಹೊಲಿದವರಿಗೆ ಅನ್ಯಾಯವಾದರೆ ಇಲ್ಲಿ ಲೇಬರ್ ಇನ್‌ಸ್ಪೆಕ್ಟರ್ ಇದ್ದಾರೆ, ಲೇಬರ್ ಕೋರ್ಟ್ ಇದೆ. ಸರಕು ಹೋಗಿ ಇಳಿಯುವ ದೇಶಗಳಲ್ಲೂ ಇಂಥ ದೂರು ತೆಗೆದುಕೊಳ್ಳುವ ವ್ಯವಸ್ಥೆಗಳಿವೆ. ದೂರು ಕೊಡಲು ಫೀಸು ಇಲ್ಲ, ಹೆಚ್ಚಿನವಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಆದರೆ ಗುಣದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಒಂದೊಂದನ್ನೂ ಇಲ್ಲಿ ನಾಲ್ಕು ಪ್ರಶ್ನೆ ಹಾಕಿ ನೋಡಲಾಗಿದೆ. ಬೆಂಗಳೂರಿನ ಒಂದು ಯೂನಿಯನ್ ನೇರವಾಗಿ ದೂರು ಕೊಡಬಹುದೇ? ಉತ್ತರ ಕೊಡಲು ಗಡುವು ಇದೆಯೇ? ದೂರುದಾರರ ಹೆಸರು ಹೊರಗೆ ಬರುತ್ತದೆಯೇ? ಎಲ್ಲ ಮುಗಿದ ಮೇಲೆ ಕಾರ್ಮಿಕರ ಕೈಗೆ ಏನು ಸಿಗುತ್ತದೆ?

ಎಲ್ಲರಿಗೂ ಮೊದಲು ನೆನಪಾಗುವ ಹೆಸರು ವಿಶ್ವ ವ್ಯಾಪಾರ ಸಂಸ್ಥೆಯದು. ಅದನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಅಲ್ಲಿ ದೂರು ಕೊಡುವ ಅಧಿಕಾರ ಸರ್ಕಾರಗಳಿಗೆ ಮಾತ್ರ. 1996ರ ಸಿಂಗಪುರ ಘೋಷಣೆಯಲ್ಲಿ ಕಾರ್ಮಿಕ ಮಾನದಂಡಗಳ ವಿಷಯವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ನೋಡಿಕೊಳ್ಳಲಿ ಎಂದು ಬರೆದು ಕೈ ತೊಳೆದುಕೊಂಡರು. ಕಾರ್ಮಿಕ ಹಕ್ಕನ್ನು ವ್ಯಾಪಾರಕ್ಕೆ ಗಂಟು ಹಾಕಬಾರದೆಂದು ಗಟ್ಟಿಯಾಗಿ ವಾದಿಸಿದವರಲ್ಲಿ ಭಾರತವೂ ಇತ್ತು; ಶ್ರೀಮಂತ ದೇಶಗಳು ಇದನ್ನೇ ನೆಪ ಮಾಡಿಕೊಂಡು ನಮ್ಮ ಸರಕಿಗೆ ಬಾಗಿಲು ಹಾಕುತ್ತವೆ ಎಂಬ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಸುಂಕ ಮತ್ತು ವ್ಯಾಪಾರದ ಕುರಿತ 1947ರ ಗ್ಯಾಟ್ ಒಪ್ಪಂದದ 20ನೇ ವಿಧಿಯಲ್ಲಿ ಜೈಲಿನಲ್ಲಿ ತಯಾರಾದ ಸರಕನ್ನು ತಡೆಯಬಹುದು ಎಂಬ ಒಂದು ಸಾಲಿದೆ. ಕಾರ್ಮಿಕರ ಬಗ್ಗೆ ನೇರವಾಗಿ ಹೇಳಿರುವುದು ಅಷ್ಟೇ.

ಅಮೆರಿಕದ ಜಿಎಸ್‌ಪಿ, ಅಂದರೆ ಬಡ ದೇಶಗಳ ಸರಕಿಗೆ ಸುಂಕ ರಿಯಾಯಿತಿ ಕೊಡುವ ಯೋಜನೆಯ ಕೌಂಟರ್, ಒಂದು ಕಾಲಕ್ಕೆ ಚೆನ್ನಾಗಿ ನಡೆಯುತ್ತಿತ್ತು. ಸುಂಕ ರಿಯಾಯಿತಿ ಪಡೆಯುವ ದೇಶ ಕಾರ್ಮಿಕ ಹಕ್ಕನ್ನು ಕಡೆಗಣಿಸಿದರೆ ರಿಯಾಯಿತಿ ಕಿತ್ತುಕೊಳ್ಳಿ ಎಂದು ಅರ್ಜಿ ಹಾಕಬಹುದಿತ್ತು. ಭಾರತಕ್ಕೆ ಆ ರಿಯಾಯಿತಿ 2019ರ ಜೂನ್‌ನಲ್ಲಿ ನಿಂತಿತು, ಇಡೀ ಯೋಜನೆಯ ಅವಧಿಯೇ 2020ರ ಕೊನೆಗೆ ಮುಗಿಯಿತು. ಅದರ ಮಿತಿ ಏನೆಂದು ಬಾಂಗ್ಲಾದೇಶದಲ್ಲಿ ಗೊತ್ತಾಗಿತ್ತು. ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದ ಮೇಲೆ 2013ರ ಜೂನ್‌ನಲ್ಲಿ ಆ ದೇಶದ ರಿಯಾಯಿತಿ ತಡೆಹಿಡಿದರು. ಬಾಂಗ್ಲಾದ ಬಟ್ಟೆಗೆ ಆ ರಿಯಾಯಿತಿ ಹೆಚ್ಚುಕಡಿಮೆ ಇರಲೇ ಇಲ್ಲ! ಕಟ್ಟಡ ಬಿದ್ದದ್ದು ಗಾರ್ಮೆಂಟ್ಸ್‌ನವರ ಮೇಲೆ, ಸುಂಕ ಏರಿದ್ದು ಪಿಂಗಾಣಿ ಮತ್ತಿತರ ಸಾಮಾನಿನ ಮೇಲೆ.

ಈಗ ನಿಜವಾಗಿ ನಡೆಯುತ್ತಿರುವ ಕೌಂಟರ್‌ಗೆ ಬರೋಣ. ಅಮೆರಿಕದ 1930ರ ಸುಂಕ ಕಾಯ್ದೆಯ 307ನೇ ಸೆಕ್ಷನ್ ಪ್ರಕಾರ ಬಲವಂತದ ದುಡಿಮೆಯಿಂದ ತಯಾರಾದ ಯಾವ ಸರಕೂ ಆ ದೇಶದೊಳಗೆ ಬರುವಂತಿಲ್ಲ. ಅಮೆರಿಕಕ್ಕೆ ಸಾಕಾಗುವಷ್ಟು ಆ ಸರಕು ಅಲ್ಲೇ ತಯಾರಾಗದಿದ್ದರೆ ಬರಬಹುದು ಎಂಬ ವಿನಾಯಿತಿ ದಶಕಗಳ ಕಾಲ ಇದನ್ನು ಸತ್ತ ಕಾನೂನು ಮಾಡಿಟ್ಟಿತ್ತು. 2016ರಲ್ಲಿ ಆ ವಿನಾಯಿತಿ ತೆಗೆದರು, ಕಾನೂನಿಗೆ ಜೀವ ಬಂತು. ಜಾರಿ ಮಾಡುವುದು ಅಮೆರಿಕದ ಕಸ್ಟಮ್ಸ್ ಇಲಾಖೆ, ಅಂದರೆ ಸಿಬಿಪಿ.

ದೂರು ಯಾರು ಬೇಕಾದರೂ ಕೊಡಬಹುದು. ಅಮೆರಿಕದ ಪ್ರಜೆ ಆಗಿರಬೇಕಿಲ್ಲ, ವಕೀಲರೂ ಬೇಕಿಲ್ಲ. ಇ-ಅಲಿಗೇಷನ್ ಎಂಬ ಆನ್‌ಲೈನ್ ಫಾರ್ಮ್ ಇದೆ. ನಿಯಮದ ಪ್ರಕಾರ ಅರ್ಜಿಯಲ್ಲಿ ಇರಬೇಕಾದ್ದು ಮೂರೇ: ಅನುಮಾನಕ್ಕೆ ಕಾರಣ, ಸರಕಿನ ವಿವರ ಅಥವಾ ಸ್ಯಾಂಪಲ್, ತಯಾರಿಕೆಯ ಬಗ್ಗೆ ಗೊತ್ತಿರುವ ಸಂಗತಿಗಳು. ಓದಲು ಸುಲಭ. ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ನಡುವಿನದರಲ್ಲಿ.

ಕಾರಣ ಸರಳ. ಕಸ್ಟಮ್ಸ್‌ನವರಿಗೆ ಕೆಟ್ಟ ಫ್ಯಾಕ್ಟರಿಯ ಕಥೆ ಹೇಳಿದರೆ ಸಾಲದು, ಯಾವ ಪೆಟ್ಟಿಗೆ ತಡೆಯಬೇಕು ಎಂದು ಹೇಳಬೇಕು. ಇದು ಗೊತ್ತಿರುವುದು ಫಿನಿಶಿಂಗ್ ಮತ್ತು ಪ್ಯಾಕಿಂಗ್ ಸೆಕ್ಷನ್‌ನವರಿಗೆ, ಹೊಲಿಗೆ ಲೈನಿನವರಿಗಲ್ಲ. ಕಾರ್ಟನ್ ಮೇಲೆ ಪಿಒ (ಖರೀದಿ ಆರ್ಡರ್) ನಂಬರ್, ಸ್ಟೈಲ್ ನಂಬರ್, ಬಣ್ಣ, ಸೈಜ್, ಹೋಗುವ ಜಾಗ ಅಚ್ಚಾಗಿರುತ್ತದೆ. ಬಟ್ಟೆಯೊಳಗಿನ ಪುಟ್ಟ ಲೇಬಲ್ ಇನ್ನೂ ಮುಖ್ಯ. ಅಮೆರಿಕಕ್ಕೆ ಹೋಗುವ ಬಟ್ಟೆಯ ಲೇಬಲ್‌ನಲ್ಲಿ ಕಂಪನಿಯ ಹೆಸರು ಇಲ್ಲದಿದ್ದರೆ ಅದರ ಬದಲು ‘ಆರ್‌ಎನ್’ ಎಂದು ಶುರುವಾಗುವ ಒಂದು ಸಂಖ್ಯೆ ಇರಬಹುದು. ಅದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಗೆ ಕೊಟ್ಟ ನೋಂದಣಿ ಸಂಖ್ಯೆ. ಕಮಿಷನ್ನಿನ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಕಂಪನಿ ಯಾವುದೆಂದು ಗೊತ್ತಾಗುತ್ತದೆ. ಅದರ ಜೊತೆಗೆ ಎಚ್‌ಎಸ್ ಕೋಡ್, ಅಂದರೆ ಸುಂಕಕ್ಕಾಗಿ ಸರಕಿನ ಬಗೆ ಗುರುತಿಸುವ ಸಂಖ್ಯೆ ಬರೆಯಿರಿ: ಗಂಡಸರ ಹತ್ತಿ ಶರ್ಟಿಗೆ 6205.20, ಹತ್ತಿಯ ಟೀ ಶರ್ಟಿಗೆ 6109.10, ಹೆಂಗಸರ ಹತ್ತಿ ಪ್ಯಾಂಟಿಗೆ 6204.62. ಹಡಗಿನಲ್ಲಿ ಅಮೆರಿಕಕ್ಕೆ ಬಂದ ಸರಕಿನ ಮ್ಯಾನಿಫೆಸ್ಟ್ (ಸರಕು ಪಟ್ಟಿ) ವಿವರ ಸಾರ್ವಜನಿಕವಾಗಿರುವುದರಿಂದ, ದುಡ್ಡು ಕೊಟ್ಟರೆ ಆ ಮಾಹಿತಿ ಹುಡುಕಿಕೊಡುವ ಸೇವೆಗಳಿವೆ. ಆದರೆ ಆಮದುದಾರರು ತಮ್ಮ ಹೆಸರು ಗುಟ್ಟಾಗಿಡಲು ಕೇಳಿಕೊಳ್ಳಬಹುದು, ಎಷ್ಟೋ ಜನ ಕೇಳಿಕೊಂಡೂ ಇರುತ್ತಾರೆ. ಹಾಗಾಗಿ ಕಾರ್ಟನ್‌ನ ಫೋಟೊ ಕೈಯಲ್ಲಿದ್ದರೆ ಒಳ್ಳೆಯದು. ಫೋಟೊದ ಮೂಲ ಫೈಲನ್ನು ಹಾಗೇ ಉಳಿಸಿಕೊಳ್ಳಿ, ದಿನಾಂಕ, ಜಾಗದ ಮಾಹಿತಿ ಅದರಲ್ಲೇ ಇರುತ್ತದೆ. ಅದೇ ಫೈಲು ಹೊರಗೆ ಹೋದರೆ ತೆಗೆದವರ ಫೋನ್ ಯಾವುದೆಂಬ ಸುಳಿವೂ ಜೊತೆಗೆ ಹೋಗುತ್ತದೆ, ಆದ್ದರಿಂದ ಬೇರೆಯವರಿಗೆ ಹಂಚುವ ಪ್ರತಿಯಲ್ಲಿ ಆ ಮಾಹಿತಿ ಅಳಿಸಿರಬೇಕು.

ಇನ್ನು ಬಲವಂತದ ದುಡಿಮೆ ಎಂದರೆ ಏನು? ಅಮೆರಿಕದ ಕಾಯ್ದೆಯ ವ್ಯಾಖ್ಯೆಯೂ 1930ರ ಕಾರ್ಮಿಕ ಸಂಘಟನೆಯ 29ನೇ ಒಡಂಬಡಿಕೆಯ ವ್ಯಾಖ್ಯೆಯೂ ಹೆಚ್ಚುಕಡಿಮೆ ಒಂದೇ: ಶಿಕ್ಷೆಯ ಬೆದರಿಕೆ ಇರಬೇಕು, ದುಡಿಯುವವರ ಒಪ್ಪಿಗೆ ಇರಬಾರದು. ಸಿಬಿಪಿ ಅಧಿಕಾರಿಗಳು ಸಾಕ್ಷ್ಯವನ್ನು ಕಾರ್ಮಿಕ ಸಂಘಟನೆಯ 11 ಸೂಚಕಗಳ ಜೊತೆ ತಾಳೆ ನೋಡುತ್ತಾರೆ. ಸಾಲದ ಹೊರೆ, ಗುರುತಿನ ಚೀಟಿ ಕಿತ್ತಿಟ್ಟುಕೊಳ್ಳುವುದು, ಓಡಾಟಕ್ಕೆ ತಡೆ, ಸಂಬಳ ಹಿಡಿದಿಟ್ಟುಕೊಳ್ಳುವುದು, ಮಿತಿಮೀರಿದ ಒಟಿ, ದೈಹಿಕ ಮತ್ತು ಲೈಂಗಿಕ ಹಿಂಸೆ, ಬೆದರಿಕೆ, ಮೋಸ ಇತ್ಯಾದಿ. ಬರೀ ಕಡಿಮೆ ಸಂಬಳ ಈ ಪಟ್ಟಿಯಲ್ಲಿಲ್ಲ. ಟಾರ್ಗೆಟ್ ಮುಟ್ಟದಿದ್ದರೆ ಬೈಯುತ್ತಾರೆ ಎಂಬುದು ಒಂದು ಸಂಗತಿ. ಟಾರ್ಗೆಟ್ ಮುಗಿಯುವ ತನಕ ಗೇಟ್ ತೆಗೆಯುವುದಿಲ್ಲ, ಹೊರಟರೆ ಆ ತಿಂಗಳ ಸಂಬಳ ಸಿಗುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಎರಡನೆಯದು ಈ ಕೌಂಟರ್‌ಗೆ ಬೇಕಾದ್ದು.

ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹೆಣ್ಣುಮಕ್ಕಳು ಇರುವ ಕಂಪನಿ ಹಾಸ್ಟೆಲ್‌ಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಇದೇ ಜಾಡಿನವು. ಭಾನುವಾರ ಎಷ್ಟು ಗಂಟೆ ಹೊರಗೆ ಬಿಡುತ್ತಾರೆ? ಒಬ್ಬರೇ ಹೋಗಬಹುದೇ, ಜೊತೆಗೆ ವಾರ್ಡನ್ ಬರಬೇಕೇ? ಆಧಾರ್ ಕಾರ್ಡ್ ಯಾರ ಹತ್ತಿರ ಇದೆ? ಊರಿಗೆ ಹೋಗಲು ರಜೆ ಕೇಳಿದರೆ ಸೆಟ್ಲ್‌ಮೆಂಟ್ ಹಣ ತಡೆಯುತ್ತಾರೆಯೇ? ಉತ್ತರಗಳನ್ನು ಒಬ್ಬೊಬ್ಬರಿಂದ ಬೇರೆ ಬೇರೆಯಾಗಿ, ದಿನಾಂಕ ಮತ್ತು ಶಿಫ್ಟ್ ಹಾಕಿ ಬರೆದುಕೊಳ್ಳಬೇಕು. ಎಲ್ಲರ ಹೇಳಿಕೆಯನ್ನೂ ಒಂದೇ ಪದಗಳಲ್ಲಿ ಟೈಪ್ ಮಾಡಿ ಕೊಟ್ಟರೆ ಓದುವವರಿಗೆ ಯಾರೋ ಹೇಳಿಕೊಟ್ಟಂತೆ ಕಾಣುತ್ತದೆ. ಸಂಬಳದ ಮಾತಾದರೆ ಪೇ ಸ್ಲಿಪ್ ಜೊತೆಗೆ ಬ್ಯಾಂಕ್ ಪಾಸ್‌ಬುಕ್ಕಿನ ನಮೂದೂ ಇರಲಿ. ಎರಡರ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಸಾಕ್ಷ್ಯ.

ಸಾಕ್ಷ್ಯ ಎಷ್ಟು ಬಲವಾಗಿರಬೇಕು ಎಂಬ ವಿಷಯದಲ್ಲಿ ಈ ಕೌಂಟರ್ ಉದಾರ. ಖಚಿತವಾಗಿ ರುಜುವಾತಾಗದಿದ್ದರೂ ಸಮಂಜಸವಾದ ಅನುಮಾನ ಹುಟ್ಟಿಸಿದರೆ ಸಾಕು, ಡಬ್ಲ್ಯುಆರ್‌ಒ ಎಂಬ ತಡೆ ಆದೇಶ ಹೊರಡಿಸಬಹುದು. ಅಂದಿನಿಂದ ಆ ಫ್ಯಾಕ್ಟರಿಯ ಸರಕು ಅಮೆರಿಕದ ಯಾವ ಬಂದರಿನಲ್ಲೂ ಬಿಡುಗಡೆಯಾಗುವುದಿಲ್ಲ. ಸರಕು ಶುದ್ಧ ಎಂದು ತೋರಿಸುವ ಹೊಣೆ ಆಮದುದಾರರದ್ದು, ಅದಕ್ಕೆ ಮೂರು ತಿಂಗಳು.

ಆದರೆ ಕೊರತೆಗಳು ದೊಡ್ಡವು. ಮೊದಲನೆಯದು, ಗಡುವಿಲ್ಲ. ಅರ್ಜಿ ತಲುಪಿತು ಎಂದು ತಿಳಿಸಿದ ಮೇಲೆ ಮೌನ. ಅದು ಅವರ ಲೆಕ್ಕದಲ್ಲಿ ತನಿಖೆಯ ವಿಷಯ, ಎಲ್ಲಿಗೆ ಬಂತು ಎಂದು ದೂರುದಾರರಿಗೆ ಹೇಳುವುದಿಲ್ಲ. ಹೆಸರು ಹೇಳದೆ ದೂರು ಕೊಡಬಹುದು, ಆದರೆ ಆಗ ಅವರು ಮರುಪ್ರಶ್ನೆ ಕೇಳಲು ಯಾರೂ ಸಿಗುವುದಿಲ್ಲ, ಅರ್ಜಿ ಮೂಲೆಗೆ ಬೀಳುತ್ತದೆ. ಯೂನಿಯನ್ ಅಥವಾ ಅಮೆರಿಕದ ಒಂದು ಸಂಸ್ಥೆಯ ಹೆಸರಲ್ಲಿ ಕೊಟ್ಟು, ಕಾರ್ಮಿಕರನ್ನು ‘ಸಾಕ್ಷಿ 1’, ‘ಸಾಕ್ಷಿ 2’ ಎಂದು ಬರೆಯುವುದು ಮೇಲು. ಎರಡನೆಯದು, ತಡೆದ ಸರಕನ್ನು ಆಮದುದಾರರು ವಾಪಸ್ ತೆಗೆದುಕೊಂಡು ಬೇರೆ ದೇಶಕ್ಕೆ ಕಳಿಸಬಹುದು. ನ್ಯೂಯಾರ್ಕ್‌ನಲ್ಲಿ ಬೇಡವಾದ ಕಂಟೇನರ್ ಇನ್ನೊಂದು ಬಂದರಿನಲ್ಲಿ ಆರಾಮಾಗಿ ಇಳಿಯುತ್ತದೆ. ಮೂರನೆಯದೇ ಎಲ್ಲಕ್ಕಿಂತ ಭಾರ: ಕಾರ್ಮಿಕರಿಗೆ ಪರಿಹಾರ ಕೊಡಿಸುವ ಅಧಿಕಾರ ಈ ಕಾಯ್ದೆಯಲ್ಲಿ ಇಲ್ಲ. ಸರಕು ನಿಲ್ಲುತ್ತದೆ, ಆರ್ಡರ್ ಹೋಗುತ್ತದೆ, ಆರ್ಡರ್ ಹೋದರೆ ಲೈನ್ ಮುಚ್ಚುತ್ತದೆ. ದೂರು ಕೊಟ್ಟವರೇ ಮನೆಗೆ ಹೋಗಬೇಕಾದೀತು.

ಮಲೇಷ್ಯಾದ ಟಾಪ್ ಗ್ಲೋವ್ ಪ್ರಕರಣದಲ್ಲಿ ಹೀಗಾಗಲಿಲ್ಲ, ಏಕೆಂದರೆ ಕೊರೊನಾ ಕಾಲದಲ್ಲಿ ರಬ್ಬರ್ ಕೈಗವಸಿಗೆ ವಿಪರೀತ ಬೇಡಿಕೆ ಇತ್ತು, ಕಂಪನಿಯ ಹತ್ತಿರ ಲಾಭವೂ ಇತ್ತು. 2020ರ ಜುಲೈನಲ್ಲಿ ತಡೆ ಬಿತ್ತು. ಬಾಂಗ್ಲಾದೇಶ, ನೇಪಾಳದಂಥ ಕಡೆಯಿಂದ ಬಂದ ಕಾರ್ಮಿಕರು ಏಜೆಂಟರಿಗೆ ಕೊಟ್ಟಿದ್ದ ನೇಮಕಾತಿ ಶುಲ್ಕವನ್ನು ಕಂಪನಿ ವಾಪಸ್ ಕೊಟ್ಟಿತು. ಹತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ, ಒಟ್ಟು 13 ಕೋಟಿ ರಿಂಗಿಟ್‌ಗೂ ಮೀರಿ. 2021ರ ಸೆಪ್ಟೆಂಬರ್‌ನಲ್ಲಿ ತಡೆ ಸಡಿಲಾಯಿತು. ಒಂದು ವರ್ಷದ ಮೇಲೆ ಎರಡು ತಿಂಗಳು.

ದಿಂಡಿಗಲ್‌ನ ನಾಚಿ ಅಪ್ಯಾರೆಲ್ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. 2021ರ ಜನವರಿಯಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ದಲಿತ ಯುವತಿಯ ಕೊಲೆಯಾಯಿತು, ಆರೋಪ ಬಂದದ್ದು ಸೂಪರ್‌ವೈಸರ್ ಮೇಲೆ. ದಲಿತ ಹೆಣ್ಣುಮಕ್ಕಳು ಮುನ್ನಡೆಸುವ ಟಿಟಿಸಿಯು ಎಂಬ ಯೂನಿಯನ್ ಹೋರಾಟಕ್ಕಿಳಿದು, ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮತ್ತು ಅಮೆರಿಕದ ಒಂದು ಕಾರ್ಮಿಕ ಸಂಸ್ಥೆಯ ಜೊತೆ ಸೇರಿ 2022ರ ಏಪ್ರಿಲ್‌ನಲ್ಲಿ ಮಾತೃ ಕಂಪನಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಬ್ರ್ಯಾಂಡ್‌ಗಳೂ ಒಪ್ಪಂದಕ್ಕೆ ಬದ್ಧವಾದವು. ಯೂನಿಯನ್ ತರಬೇತಿ ಕೊಟ್ಟ ಕಾರ್ಮಿಕರೇ ಪ್ರತಿ ಲೈನಿನಲ್ಲೂ ಕಿರುಕುಳದ ಮೇಲೆ ಕಣ್ಣಿಡಬೇಕು, ಕಂಪನಿ ಮಾತು ಮುರಿದರೆ ಬ್ರ್ಯಾಂಡ್‌ಗಳು ಆರ್ಡರ್ ಮೇಲೆ ಕ್ರಮ ಕೈಗೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ, ಜುಲೈ ಕೊನೆಯಲ್ಲಿ ಸಿಬಿಪಿಯ ತಡೆ ಆದೇಶ ಬಂತು! ಸುಧಾರಣೆ ಶುರುವಾದ ಫ್ಯಾಕ್ಟರಿಗೆ ಶಿಕ್ಷೆ. ಆದರೆ ಒಪ್ಪಂದ ಕೈಯಲ್ಲಿದ್ದುದರಿಂದ ಏನೇನು ಸರಿಯಾಗಿದೆ ಎಂದು ತೋರಿಸಲು ಯೂನಿಯನ್ನೇ ಮುಂದೆ ಬಂತು, ಸೆಪ್ಟೆಂಬರ್ ಆರಂಭದಲ್ಲೇ ತಡೆ ತೆರವಾಯಿತು. ಸುಮಾರು ಆರು ವಾರ.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬಳಸುವ ಕ್ರಮ ತಿಳಿಯುತ್ತದೆ. ಮೊದಲು ಬ್ರ್ಯಾಂಡ್ ಮತ್ತು ಕಂಪನಿ ಮುಂದೆ ಒಪ್ಪಂದದ ಕರಡು ಇಡಿ, ಯಾವುದನ್ನು ಸರಿಪಡಿಸಿದರೆ ತಡೆ ತೆರವಿಗೆ ಯೂನಿಯನ್ ಬೆಂಬಲ ಕೊಡುತ್ತದೆ ಎಂದು ಬರೆದಿಡಿ. ಅರ್ಜಿ ಆಮೇಲೆ. ಕರಡು ಇಲ್ಲದೆ ಅರ್ಜಿ ಹಾಕುವುದು ದೊಡ್ಡ ಜೂಜು. ಈ ಕೌಂಟರ್‌ಗೆ ಐದಕ್ಕೆ ಮೂರೂವರೆ ಸ್ಟಾರ್. ಯೂನಿಯನ್ ಇಲ್ಲದ ಫ್ಯಾಕ್ಟರಿಗೆ ಎರಡೇ.

ಕೌಂಟರ್ ಹೇಗಿರಬೇಕು ಎಂದು ನೋಡಬೇಕಾದರೆ ಮೆಕ್ಸಿಕೊ ನೋಡಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಅಮೆರಿಕ-ಮೆಕ್ಸಿಕೊ-ಕೆನಡಾ ಒಪ್ಪಂದದಲ್ಲಿ ಒಂದೇ ಫ್ಯಾಕ್ಟರಿಯ ಮೇಲೆ ದೂರು ಕೊಡುವ ತ್ವರಿತ ವ್ಯವಸ್ಥೆ ಇದೆ. ಸಂಘ ಕಟ್ಟುವ, ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕಿಗೆ ಮಾತ್ರ ಅದು ಅನ್ವಯ. ಅರ್ಜಿ ಬಂದ 30 ದಿನದಲ್ಲಿ ಅಮೆರಿಕದ ಸಮಿತಿ ತೀರ್ಮಾನಿಸಬೇಕು. ಮೆಕ್ಸಿಕೊ ಸರ್ಕಾರ 10 ದಿನದಲ್ಲಿ ಪರಿಶೀಲನೆಗೆ ಒಪ್ಪಬೇಕು, 45 ದಿನದಲ್ಲಿ ಅದನ್ನು ಮುಗಿಸಬೇಕು. ಈ ನಡುವೆ ಆ ಫ್ಯಾಕ್ಟರಿಯ ಸರಕಿನ ಸುಂಕದ ಲೆಕ್ಕವನ್ನು ಅಮೆರಿಕ ಅಂತಿಮಗೊಳಿಸದೆ ಹಿಡಿದಿಡಬಹುದು. ವಿಷಯ ಎಷ್ಟು ದುಡ್ಡಿನದು ಎಂದು ಕಂಪನಿಯ ಅಕೌಂಟ್ಸ್‌ನವರಿಗೆ ಅಂದೇ ಅರ್ಥವಾಗುತ್ತದೆ.

ಮೆಕ್ಸಿಕೊದ ಸಿಲಾವ್‌ನ ಜನರಲ್ ಮೋಟರ್ಸ್ ಪ್ಲಾಂಟಿನಲ್ಲಿ ಹಳೆಯ ಯೂನಿಯನ್ ನಡೆಸಿದ ಮತದಾನದಲ್ಲಿ ಮತಪತ್ರಗಳೇ ನಾಶವಾಗಿದ್ದವು. 2021ರ ಮೇನಲ್ಲಿ ಅಮೆರಿಕ ಪ್ರಕರಣ ತೆರೆಯಿತು. ಆಗಸ್ಟ್‌ನಲ್ಲಿ ಮರುಮತದಾನ, 2022ರ ಫೆಬ್ರವರಿಯಲ್ಲಿ ಸಿಂಟಿಯಾ ಎಂಬ ಸ್ವತಂತ್ರ ಯೂನಿಯನ್‌ಗೆ ಮುಕ್ಕಾಲು ಪಾಲಿಗೂ ಹೆಚ್ಚು ಮತ, ಮೇನಲ್ಲಿ ಶೇ 8.5 ಸಂಬಳ ಏರಿಕೆಯ ಒಪ್ಪಂದ. ಇದಕ್ಕೆ ಮೊದಲಿನ ತಲೆಮಾರಿನ ಒಪ್ಪಂದದಡಿ ಗ್ವಾಟೆಮಾಲಾ ವಿರುದ್ಧ 2008ರಲ್ಲಿ ಕೊಟ್ಟ ದೂರು ತೀರ್ಪಿಗೆ ಬಂದದ್ದು 2017ರಲ್ಲಿ. ಎಂಟು ಕಡೆ ಕಾರ್ಮಿಕ ಕಾನೂನು ಸರಿಯಾಗಿ ಜಾರಿಯಾಗಿಲ್ಲ ಎಂದು ಪ್ಯಾನೆಲ್ ಒಪ್ಪಿತು. ಆದರೆ ‘ವ್ಯಾಪಾರದ ಮೇಲೆ ಪರಿಣಾಮ ಬೀರುವ ರೀತಿಯಲ್ಲಿ’ ಎಂಬ ಷರತ್ತು ಸಾಬೀತಾಗದೆ ಕೇಸು ಬಿತ್ತು. ಮೆಕ್ಸಿಕೊ ವ್ಯವಸ್ಥೆಗೂ ಸೋಲು ಇಲ್ಲವೆಂದಲ್ಲ. ಸಾನ್ ಮಾರ್ಟಿನ್ ಗಣಿಯ ಪ್ರಕರಣದಲ್ಲಿ ಮುಷ್ಕರ ಶುರುವಾದದ್ದು 2007ರಲ್ಲಿ, ಒಪ್ಪಂದ ಬಂದದ್ದು 2020ರಲ್ಲಿ. ತನಗೆ ಅಧಿಕಾರವಿಲ್ಲ ಎಂದು 2024ರಲ್ಲಿ ಪ್ಯಾನೆಲ್ ಹೇಳಿತು. ಆದರೂ ನಾಲ್ಕೂವರೆ ಸ್ಟಾರ್. ನಮಗೆ ಮಾತ್ರ ಈ ಬಾಗಿಲು ಇಲ್ಲ: ಭಾರತ ಆ ಒಪ್ಪಂದದಲ್ಲಿಲ್ಲ.

ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಕೂಟದ ‘ನ್ಯಾಷನಲ್ ಕಾಂಟ್ಯಾಕ್ಟ್ ಪಾಯಿಂಟ್’ಗಳು ಬೇರೆ ಜಾತಿಯವು. ಬಹುರಾಷ್ಟ್ರೀಯ ಕಂಪನಿ ಯಾವ ದೇಶದ್ದೋ ಆ ದೇಶದ ಸರ್ಕಾರಿ ಕಚೇರಿಗೆ ದೂರು. ಬಹುರಾಷ್ಟ್ರೀಯ ಕಂಪನಿಗಳು ಹೇಗೆ ನಡೆದುಕೊಳ್ಳಬೇಕೆಂಬ ಒಇಸಿಡಿ ಮಾರ್ಗಸೂಚಿಗೆ ಭಾರತ ಸಹಿ ಹಾಕಿಲ್ಲ, ಅದರಿಂದ ತೊಂದರೆಯೂ ಇಲ್ಲ. ಬ್ರ್ಯಾಂಡ್‌ನ ತವರು ದೇಶ ಸಹಿ ಹಾಕಿದ್ದರೆ ಬೆಂಗಳೂರಿನಿಂದ ನೇರವಾಗಿ ದೂರು ಕೊಡಬಹುದು. ಒಂದು ವರ್ಷದ ಆಸುಪಾಸಿನಲ್ಲಿ ಮುಗಿಸುವ ಗುರಿ ಇದೆ, ಗುರಿ ಅಷ್ಟೇ. ಕಂಪನಿ ‘ಬರುವುದಿಲ್ಲ’ ಎಂದರೆ ಎಳೆದು ತರುವವರಿಲ್ಲ. ಒಡಿಶಾದ ನಿಯಮಗಿರಿ ಬೆಟ್ಟದ ಗಣಿ ವಿಷಯದಲ್ಲಿ ವೇದಾಂತ ಕಂಪನಿ ಮಾರ್ಗಸೂಚಿ ಪಾಲಿಸಿಲ್ಲ ಎಂದು ಬ್ರಿಟನ್ನಿನ ಕಚೇರಿ 2009ರಲ್ಲಿ ಬರೆಯಿತು. ಗಣಿ ನಿಂತದ್ದು ಅದರಿಂದಲ್ಲ, 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ವಿಷಯವನ್ನು ಗ್ರಾಮಸಭೆಗೆ ಬಿಟ್ಟು, 12 ಊರುಗಳು ಬೇಡ ಎಂದದ್ದರಿಂದ.

ಬೆಂಗಳೂರಿನದೇ ಪ್ರಕರಣ ಒಂದಿದೆ. ಎಫ್‌ಎಫ್‌ಐ ಮತ್ತು ಜೀನ್ಸ್ ನಿಟ್ ಫ್ಯಾಕ್ಟರಿಗಳ ಸ್ಥಿತಿಯ ಬಗ್ಗೆ ಇಲ್ಲಿನ ಯೂನಿಯನ್, ಸಂಸ್ಥೆಗಳು ದನಿ ಎತ್ತಿದಾಗ, 2006ರಲ್ಲಿ ಕಂಪನಿ ಸಿವಿಲ್ ಕೋರ್ಟಿನಿಂದ ಅವರ ಬಾಯಿ ಕಟ್ಟುವ ಆದೇಶ ತಂದಿತು. ಅದೇ ವರ್ಷ ನೆದರ್ಲೆಂಡ್ಸ್‌ನ ಎರಡು ಸಂಸ್ಥೆಗಳು ಖರೀದಿದಾರ ಜಿ-ಸ್ಟಾರ್ ವಿರುದ್ಧ ಡಚ್ ಕಚೇರಿಗೆ ದೂರು ಕೊಟ್ಟವು. ಆ ಸಂಸ್ಥೆಯವರ ಮೇಲೆ, ಅವರ ವೆಬ್‌ಸೈಟ್ ನಡೆಸುತ್ತಿದ್ದ ಇಂಟರ್ನೆಟ್ ಕಂಪನಿಯವರ ಮೇಲೂ ಬೆಂಗಳೂರಿನಲ್ಲಿ ಮಾನನಷ್ಟದ ಕೇಸು, ವಾರಂಟು. 2008ರ ಜನವರಿಯಲ್ಲಿ ರಾಜಿ ಮಾಡಿಸಿದವರು ಅಲ್ಲಿನ ಮಾಜಿ ಪ್ರಧಾನಿ ರೂಡ್ ಲಬ್ಬರ್ಸ್. ಕೇಸುಗಳು ವಾಪಸಾದವು. ಸಂಪರ್ಕ ಕಚೇರಿ ವಿಷಯವನ್ನು ಡಚ್ ಸರ್ಕಾರದ ಮೇಜಿಗೆ ತಂದಿತು, ಅದಕ್ಕೆ ಬೆಲೆ ಕೊಡಬೇಕು. ಇಲ್ಲಿಂದ ಕಲಿಯಬೇಕಾದ ಪಾಠ ಕಾನೂನಿನದು: ದೂರನ್ನು ಕೊಡುವುದು ಒಂದು, ಅದನ್ನು ಪ್ರಕಟಿಸುವುದು ಇನ್ನೊಂದು. ಪ್ರಕಟಿಸುವ ಮೊದಲು ಪ್ರತಿ ವಾಕ್ಯಕ್ಕೂ ದಾಖಲೆ ಇದೆಯೇ ಎಂದು ಇಲ್ಲಿನ ವಕೀಲರಿಂದ ನೋಡಿಸಿ. ಎರಡೂವರೆ ಸ್ಟಾರ್.

ಯಾವ ದೂರು ಎಲ್ಲೂ ಹಿಡಿಸುವುದಿಲ್ಲ ಎಂಬುದೂ ಗೊತ್ತಿರಲಿ. ಕರ್ನಾಟಕದಲ್ಲಿ 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತಿಂಗಳಿಗೆ 417 ರೂಪಾಯಿ ಚಿಲ್ಲರೆ ತುಟ್ಟಿಭತ್ಯೆಯನ್ನು ಫ್ಯಾಕ್ಟರಿಗಳು ಕೊಡಲಿಲ್ಲ. ಬಾಧಿತರು ನಾಲ್ಕು ಲಕ್ಷಕ್ಕೂ ಹೆಚ್ಚು ಎಂದು ಅಮೆರಿಕದ ಕಾರ್ಮಿಕ ಹಕ್ಕು ಸಂಸ್ಥೆ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಲೆಕ್ಕ ಹಾಕಿತ್ತು. ಇಷ್ಟು ದೊಡ್ಡ ಬಾಕಿಯೂ ಬಲವಂತದ ದುಡಿಮೆಯ ವ್ಯಾಖ್ಯೆಗೆ ಬರುವುದಿಲ್ಲ, ಏಕೆಂದರೆ ಅದರಲ್ಲಿ ಶಿಕ್ಷೆಯ ಬೆದರಿಕೆ ಇಲ್ಲ. ಹೈಕೋರ್ಟ್ ಆದೇಶ, ಜೊತೆಗೆ ಬ್ರ್ಯಾಂಡ್‌ಗಳ ಮೇಲಿನ ಒತ್ತಡದಿಂದ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು. ಶ್ರೀರಂಗಪಟ್ಟಣದ ಗೋಕಲ್‌ದಾಸ್ ಘಟಕ 2020ರ ಜೂನ್‌ನಲ್ಲಿ ಮುಚ್ಚಿ ಸುಮಾರು 1,200 ಜನ ಬೀದಿಗೆ ಬಂದಾಗಲೂ ದಾರಿ ತೆರೆದದ್ದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಇಂಡಸ್ಟ್ರಿಯಾಲ್ ಎಂಬ ಜಾಗತಿಕ ಯೂನಿಯನ್ ಮತ್ತು ಎಚ್ ಅಂಡ್ ಎಂ ನಡುವಿನ ಸಂಪರ್ಕ. ಇಂಥ ವಿಷಯಕ್ಕೆ ಕಸ್ಟಮ್ಸ್‌ಗೆ ಬರೆಯುವುದು ಸಮಯದ ದಂಡ.

ವ್ಯಾಪಾರ ಒಪ್ಪಂದ, ಸುಂಕ ರಿಯಾಯಿತಿಗಳ ಷರತ್ತು ಮುರಿದರೆ ದೂರು ತೆಗೆದುಕೊಳ್ಳುವ ಯುರೋಪಿನ ‘ಸಿಂಗಲ್ ಎಂಟ್ರಿ ಪಾಯಿಂಟ್’ 2020ರ ನವೆಂಬರ್‌ನಿಂದ ಇದೆ. ಯುರೋಪಿನ ಒಳಗಿನವರೇ ಅರ್ಜಿ ಹಾಕಬೇಕು, ನಾವು ಅಲ್ಲಿನ ಒಂದು ಸಂಸ್ಥೆಯನ್ನು ಹಿಡಿಯಬೇಕು. ನಿಧಾನ. ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿಯಾದ ಒಪ್ಪಂದದಲ್ಲಿ ಕಾರ್ಮಿಕರ ಅಧ್ಯಾಯ ಇದೆ, ಆದರೆ ವ್ಯಾಜ್ಯ ಪರಿಹಾರ ವ್ಯವಸ್ಥೆ ಅದಕ್ಕೆ ಅನ್ವಯಿಸುವುದಿಲ್ಲ. ಬೋರ್ಡು ಇದೆ, ಕೌಂಟರ್ ಇಲ್ಲ.

ಕಾದು ನೋಡಬೇಕಾದ್ದು ಯುರೋಪಿನ ಬಲವಂತದ ದುಡಿಮೆ ನಿಷೇಧ ನಿಯಮ, 2024/3015. ಯಾವ ದೇಶದವರು ಬೇಕಾದರೂ ಮಾಹಿತಿ ಕೊಡಬಹುದು. ಅಪಾಯ ಯುರೋಪಿನ ಹೊರಗಿದ್ದರೆ ಯುರೋಪಿಯನ್ ಕಮಿಷನ್ನೇ ತನಿಖೆ ನಡೆಸುತ್ತದೆ, ತನಿಖೆ ಶುರುವಾದ ಒಂಬತ್ತು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು. ನಿಷೇಧವಾದರೆ ಅಂಗಡಿಯಲ್ಲಿರುವ ಸರಕನ್ನೂ ವಾಪಸ್ ತೆಗೆಯಬೇಕು. ಅಮೆರಿಕದಿಂದ ತಿರುಗಿಸಿ ಕಳಿಸುವ ಕಂಟೇನರ್‌ನ ದಾರಿ ಆಗ ಒಂದಷ್ಟು ಇಕ್ಕಟ್ಟಾಗುತ್ತದೆ. ಕಾರ್ಮಿಕರಿಗೆ ಪರಿಹಾರ ಕೊಡಿಸುವ ಕಡ್ಡಾಯ ಇದರಲ್ಲೂ ಇಲ್ಲ, ಸಾಬೀತುಪಡಿಸುವ ಹೊಣೆ ಅಧಿಕಾರಿಗಳ ಮೇಲೆಯೇ ಇದೆ. ಜಾರಿ 2027ರ ಡಿಸೆಂಬರ್ 14ರಿಂದ. ಅಲ್ಲಿಯ ತನಕ ಇದಕ್ಕೆ ಸ್ಟಾರ್ ಕೊಡುವಂತಿಲ್ಲ.